ಚಿಕ್ಕೋಡಿ ಸೀಮೆಯ ಕೋಟೆ–ವಾಡೆಗಳು: ವೀಕ್ಷಣೆ ಮತ್ತು ಛಾಯಾಗ್ರಹಣದ ಇತಿಹಾಸ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಕೋಟೆ ನೋಡುವುದೆಂದರೆ ಬಹುಮಟ್ಟಿಗೆ ವಾಡೆ, ಅಂದರೆ ಒಡೆತನದ ಮನೆತನಗಳ ದೊಡ್ಡ ಮನೆ, ನೋಡುವುದು. ಕೃಷ್ಣೆ, ವೇದಗಂಗಾ, ದೂಧಗಂಗಾ ನದಿಗಳ ಈ ಎರೆಭೂಮಿಯಲ್ಲಿ ಸಹ್ಯಾದ್ರಿಯಂತೆ ಕಡಿದಾದ ಶಿಖರಗಳಿಲ್ಲ. ಬಯಲಿನಲ್ಲೇ ಖಂದಕ ತೋಡಿ, ಕಲ್ಲುಮಣ್ಣಿನ ಗೋಡೆ ಎತ್ತಿ, ಮೂಲೆಗೊಂದು ಹುಡೇವು, ಅಂದರೆ ಬುರುಜು, ಕಟ್ಟಿದ ನೆಲಗೋಟೆಗಳೇ ಇಲ್ಲಿ ಹೆಚ್ಚು. ಅವುಗಳ ಒಡಲಲ್ಲಿ ದೇಸಾಯಿ, ದೇಶಪಾಂಡೆ, ಇನಾಮದಾರ ಮನೆತನಗಳ ವಾಡೆಗಳಿದ್ದವು. ಗೋಡೆಗಳು ಹೋದ ಕಡೆಯಲ್ಲೂ ವಾಡೆಗಳು ಬಾಳಿವೆ. ಹೀಗಾಗಿ ಈ ಸೀಮೆಯಲ್ಲಿ ಐತಿಹಾಸಿಕ ಕಟ್ಟಡಗಳನ್ನು ನೋಡುವ ಮತ್ತು ಅವುಗಳ ಚಿತ್ರ ತೆಗೆಯುವ ರೂಢಿ ವಿಜಾಪುರ, ಬಾದಾಮಿಗಳ ಕಡೆಯದಕ್ಕಿಂತ ಬೇರೆ ಬಗೆಯಲ್ಲಿ ಬೆಳೆಯಿತು.

ಮೊದಲ ನೋಡುಗರು

ರಟ್ಟರ ಆಳ್ವಿಕೆಯಲ್ಲಿ ಈ ಪ್ರದೇಶ ಜೈನ ಬಸದಿಗಳಿಂದ ತುಂಬಿತ್ತು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ 1204ರದು, ರಟ್ಟ ದೊರೆ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ರಾಯಬಾಗದಲ್ಲೂ ರಟ್ಟರ ಕಾಲದ ಬಸದಿ, ಶಾಸನಗಳಿವೆ. ಆದಿಲ್‌ಶಾಹಿ ಕಾಲಕ್ಕೆ ರಾಯಬಾಗ, ಅಥಣಿಗಳು ಕರಾವಳಿಗೂ ವಿಜಾಪುರಕ್ಕೂ ನಡುವಿನ ವ್ಯಾಪಾರದ ಊರುಗಳಾಗಿದ್ದವು. 17ನೆಯ ಶತಮಾನದ ಯುರೋಪಿಯನ್ನರ ಪ್ರವಾಸಕಥನಗಳಲ್ಲಿ, ಕಂಪನಿ ವರ್ತಕರ ಪತ್ರಗಳಲ್ಲಿ ಇವುಗಳ ಹೆಸರು ಬರುವುದು ಆ ಕಾರಣಕ್ಕೆ. ಅವರ ಕಣ್ಣು ಮೆಣಸು, ಬಟ್ಟೆ, ಸುಂಕಗಳ ಮೇಲಿತ್ತು. ಗೋಡೆ ಬಾಗಿಲುಗಳ ವರ್ಣನೆಗೆ ಅವರು ಶಾಯಿ ಖರ್ಚು ಮಾಡಲಿಲ್ಲ. 1679ರಲ್ಲಿ ಮೊಗಲ ಸರದಾರ ದಿಲೇರ್‌ಖಾನ್ ಅಥಣಿಯನ್ನು ಸೂರೆ ಮಾಡಿದ. ಆಗ ಮೊಗಲರ ಪಾಳಯದಲ್ಲಿದ್ದ ಶಿವಾಜಿಯ ಮಗ ಸಂಭಾಜಿ ಅಲ್ಲಿಂದಾಚೆಗೆ ಆ ಪಾಳಯವನ್ನೇ ತೊರೆದು ತಂದೆಯ ಬಳಿಗೆ ಮರಳಿದ. ಅಥಣಿಯ ಹೆಸರು ಮರಾಠಾ ಇತಿಹಾಸದ ಪುಸ್ತಕಗಳಲ್ಲೆಲ್ಲ ಉಳಿದಿರುವುದು ಈ ಪ್ರಸಂಗದಿಂದ.

ಕೋಟೆಯನ್ನು ಕೋಟೆಯಾಗಿ ನೋಡಿ ಬರೆದಿಟ್ಟವರು ಸೈನಿಕರು. ಖಂದಕದ ಆಳ, ಗೋಡೆಯ ದಪ್ಪ, ನೀರಿನ ಆಸರೆ, ತೋಪು ನಿಲ್ಲಿಸುವ ದಿಬ್ಬ ಇವು ಅವರ ಲೆಕ್ಕ. 1803ರಲ್ಲಿ ಪುಣೆಯತ್ತ ಹೊರಟ ಆಂಗ್ಲ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ನಿಪ್ಪಾಣಿಯ ಅಪ್ಪಾ ದೇಸಾಯಿಯ ಹೆಸರು ಮತ್ತೆ ಮತ್ತೆ ಬರುತ್ತದೆ.

ನಿಪ್ಪಾಣಿ ಕೋಟೆ

ಅಪ್ಪಾ ದೇಸಾಯಿ ಎಂದು ಹೆಸರಾದ ಸಿದ್ಧೋಜಿರಾವ್ ನಿಂಬಾಳಕರ ಪೇಶ್ವೆಯ ಸರದಾರ. ಸುತ್ತಲಿನ ಸೀಮೆಗೆಲ್ಲ ನಿಪ್ಪಾಣಿಯನ್ನು ಕೇಂದ್ರವಾಗಿಸಿದವನು ಅವನು. ಕೊಲ್ಹಾಪುರದ ಛತ್ರಪತಿಗಳೊಡನೆ ಅವನದು ವರ್ಷಗಟ್ಟಲೆಯ ಕದನ. ಜಗಳದ ಮೂಲ ಚಿಕ್ಕೋಡಿ ಮತ್ತು ಮನೋಳಿ ತಾಲ್ಲೂಕುಗಳು. 1812ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ನಡುವೆ ಬಂದು ಕೊಲ್ಹಾಪುರದೊಡನೆ ಒಪ್ಪಂದ ಮಾಡಿಕೊಂಡರು. ಪೇಶ್ವೆಯ ಪತನದ ನಂತರ ಚಿಕ್ಕೋಡಿ–ಮನೋಳಿಗಳನ್ನು ಕೊಲ್ಹಾಪುರಕ್ಕೆ ಕೊಟ್ಟರು, ದಶಕ ತುಂಬುವುದರೊಳಗೆ ಮರಳಿ ಕಸಿದುಕೊಂಡರು. ಇಷ್ಟೆಲ್ಲ ಕೈ ಬದಲಾದ ನೆಲದಲ್ಲಿ ಪ್ರತಿಯೊಂದು ದೊಡ್ಡ ಹಳ್ಳಿಯೂ ಅಗಸಿ, ಹುಡೇವು ಕಟ್ಟಿಕೊಂಡಿದ್ದರೆ ಆಶ್ಚರ್ಯವಿಲ್ಲ.

ನಿಪ್ಪಾಣಿಕರ ದೇಸಾಯಿ 1839ರಲ್ಲಿ ತೀರಿಕೊಂಡಾಗ ಕಂಪನಿ ಸರ್ಕಾರ ವಾರಸುದಾರಿಕೆಯನ್ನು ಒಪ್ಪದೆ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡಿತು. ನಿಪ್ಪಾಣಿಯ ಕೈಕೆಳಗಿದ್ದ ಅಥಣಿಯೂ ಅದರೊಂದಿಗೇ ಹೋಯಿತು. 1841ರಲ್ಲಿ ಅರಬ್ ಸಿಪಾಯಿಗಳನ್ನೊಳಗೊಂಡ ಬಂಡುಕೋರರ ತಂಡ ನಿಪ್ಪಾಣಿ ಕೋಟೆಯನ್ನು ಹಿಡಿಯಿತು. ಬೆಳಗಾವಿಯಿಂದ ಬಂದ ಸೈನ್ಯ ಅದನ್ನು ಬಿಡಿಸಿಕೊಂಡಿತು. ಆಮೇಲೆ ಕೋಟೆಯ ರಕ್ಷಣಾ ಗೋಡೆಗಳನ್ನು ಕೆಡವಲಾಯಿತು. ಪ್ಯಾರಿಸ್ಸಿನಲ್ಲಿ ಡಾಗೆರ್‌ನ ಛಾಯಾಚಿತ್ರ ವಿಧಾನವನ್ನು ಜಗತ್ತಿಗೆ ಪ್ರಕಟಿಸಿದ್ದು ಸಂಸ್ಥಾನ ಮುಗಿದ 1839ರಲ್ಲೇ. ಕ್ಯಾಮೆರಾ ಈ ಕಡೆಗೆ ಬರುವಷ್ಟರಲ್ಲಿ ಚಿತ್ರ ತೆಗೆಯಬೇಕಾಗಿದ್ದ ಕೋಟೆ ಉಳಿದಿರಲಿಲ್ಲ.

ನಿಪ್ಪಾಣಿಯ ಬಂಡಾಯವಾದ ಮೂರೇ ವರ್ಷಕ್ಕೆ, 1844ರಲ್ಲಿ, ಕೊಲ್ಹಾಪುರ ಸಂಸ್ಥಾನದ ಗಡಕರಿಗಳು, ಅಂದರೆ ಕೋಟೆ ಕಾಯುವ ವಂಶಪಾರಂಪರ್ಯ ಕಾವಲುಗಾರರು, ಬಂಡೆದ್ದರು. ಹೊಸ ಆಡಳಿತ ತಮ್ಮ ಉಂಬಳಿ ಭೂಮಿಗೆ ಕೈ ಹಾಕುತ್ತದೆಂಬ ಭಯ ಅವರದು. ಕಿಡಿ ಹೊತ್ತಿದ್ದು ಗಡಹಿಂಗ್ಲಜ ಬಳಿಯ ಸಾಮಾನಗಡದಲ್ಲಿ. ಭೂದರಗಡ, ಪನ್ಹಾಳಗಳಿಗೆ ಅದು ಹಬ್ಬಿತು. ಬಂಡಾಯ ಅಡಗಿದ ಮೇಲೆ ಆಂಗ್ಲರು ಆ ಕೋಟೆಗಳ ಬಾಗಿಲು, ಬುರುಜುಗಳನ್ನೂ ಒಡೆದರು. ನಿಪ್ಪಾಣಿಯಿಂದ ಸಾಮಾನಗಡಕ್ಕೆ, ಪನ್ಹಾಳಕ್ಕೆ ಹೋಗುವ ಇಂದಿನ ಪ್ರವಾಸಿಗೆ ಕಾಣುವ ಒಡಕು ಗೋಡೆಗಳಲ್ಲಿ ಕಾಲ ಕೆಡವಿದ್ದರ ಜೊತೆಗೆ ಸರ್ಕಾರ ಕೆಡವಿಸಿದ್ದೂ ಸೇರಿದೆ. ಪಾಳುಕೋಟೆಯ ಚಿತ್ರದ ಕೆಳಗೆ ಕಾಲದ ಹೊಡೆತದ ಮಾತನ್ನೇ ಬರೆಯುವವರು ಇದನ್ನು ಮರೆಯುತ್ತಾರೆ.

ಕ್ಯಾಮೆರಾ ಬಂದದ್ದು, ಪಕ್ಕಕ್ಕೆ ಹೋದದ್ದು

ಮುಂಬಯಿಯಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1854ರಲ್ಲಿ. ಮರುವರ್ಷ ಮುಂಬಯಿ ಸರ್ಕಾರ ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ಪ್ರಾಚೀನ ಕಟ್ಟಡಗಳ ಛಾಯಾಚಿತ್ರ ತೆಗೆಯಲು ನೇಮಿಸಿತು. ಅವನನ್ನು ಸೈನ್ಯ ಹಿಂದಕ್ಕೆ ಕರೆದ ಮೇಲೆ ವೈದ್ಯ ಡಬ್ಲ್ಯು. ಎಚ್. ಪಿಗೌ ಆ ಕೆಲಸ ಮುಂದುವರಿಸಿದ. ಆಗಿನ ಪದ್ಧತಿಯಲ್ಲಿ ನೆಗೆಟಿವ್ ಕಾಗದದ ಮೇಲೆಯೇ ಮೂಡುತ್ತಿತ್ತು. ಮಸೂರದ ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕಿತ್ತು, ಆ ಹೊತ್ತಿನಲ್ಲಿ ಅಲುಗಿದ ಮನುಷ್ಯ ಚಿತ್ರದಿಂದ ಅಳಿಸಿಹೋಗುತ್ತಿದ್ದ. ಕಲ್ಲಿನ ಕಟ್ಟಡಗಳು ಅಂದಿನ ಕ್ಯಾಮೆರಾಕ್ಕೆ ಅಷ್ಟು ಒಗ್ಗಿದ್ದು ಅವು ಅಲುಗುವುದಿಲ್ಲವೆಂದು. ಈ ಚಿತ್ರಗಳು 1866ರಲ್ಲಿ ವಿಜಾಪುರದ ಮೇಲೆ ಒಂದು, ಧಾರವಾಡ–ಮೈಸೂರು ಸೀಮೆಯ ಮೇಲೆ ಇನ್ನೊಂದು ದೊಡ್ಡ ಸಂಪುಟವಾಗಿ ಲಂಡನ್ನಿನಲ್ಲಿ ಅಚ್ಚಾದವು. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್‌ರದು. ಖರ್ಚು ಹೊತ್ತವರು ಮುಂಬಯಿಯ ವರ್ತಕರು.

ಗೋಲಗುಂಬಜ, ಐಹೊಳೆ, ಹಳೇಬೀಡುಗಳು ಹೀಗೆ ಜಗತ್ತಿನ ಕಣ್ಣಿಗೆ ಬಿದ್ದವು. ಚಿಕ್ಕೋಡಿ ಸೀಮೆ ಆ ದಾರಿಯಿಂದ ಹೊರಗುಳಿಯಿತು. 1874ರ ಜನವರಿಯಿಂದ ಮೇ ತಿಂಗಳವರೆಗೆ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ತಿರುಗಿ ಪಶ್ಚಿಮ ಭಾರತ ಪುರಾತತ್ವ ಸರ್ವೇಕ್ಷಣೆಯ ಮೊದಲ ವರದಿ ಸಿದ್ಧಪಡಿಸಿದಾಗಲೂ ಒತ್ತು ಬಿದ್ದದ್ದು ಗುಡಿ, ಗುಹೆ, ಶಾಸನಗಳ ಮೇಲೆ. ಜೆ. ಎಫ್. ಫ್ಲೀಟ್ ಇದೇ ಮುಂಬಯಿ ಪ್ರಾಂತದ ಅಧಿಕಾರಿ. ಕನ್ನಡ ಶಾಸನಗಳ ಛಾಯಾಚಿತ್ರಗಳನ್ನು 1878ರಲ್ಲಿ ಸಂಪುಟವಾಗಿ ಹೊರತಂದ. ಅಕ್ಷರವಿರುವ ಕಲ್ಲಿಗೆ ಬೆಲೆ ಬಂತು, ಅಕ್ಷರವಿಲ್ಲದ ಬುರುಜಿಗೆ ಬರಲಿಲ್ಲ. ನೂರು ವರ್ಷವೂ ತುಂಬದ ಮರಾಠಾ ಕಾಲದ ವಾಡೆ ಅಂದಿನ ವಿದ್ವಾಂಸರಿಗೆ ಪ್ರಾಚೀನವೆನಿಸುವಂತೆಯೂ ಇರಲಿಲ್ಲ. ಮೇಲಾಗಿ ಅದರಲ್ಲಿ ಜನ ವಾಸವಾಗಿದ್ದರು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಮಿರಜದಿಂದ ಬೆಳಗಾವಿಯ ಕಡೆಗೆ ಕೃಷ್ಣೆಯನ್ನು ದಾಟಿ ಬಂತು. ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳು ಈ ದಾರಿಯವು. ರೈಲಿನಿಂದ ಪ್ರವಾಸಿಗಳು ಬಂದರು ನಿಜ, ಆದರೆ ಗೋಕಾಕ ಫಾಲ್ಸ್ ನೋಡುವುದಕ್ಕೆ. ಒಣ ಪ್ಲೇಟು, ಆಮೇಲೆ ಸುರುಳಿ ಫಿಲ್ಮು ಬಂದು ಕ್ಯಾಮೆರಾ ಹಗುರವಾದಾಗ ವಾಡೆಗಳ ಬಾಗಿಲಿಗೆ ಅದು ಬಂದದ್ದು ಪ್ರವಾಸಿಯ ಕೈಯಲ್ಲಲ್ಲ, ಮನೆಯವರ ಕರೆಯ ಮೇಲೆ: ಮದುವೆ, ಮುಂಜಿ, ದತ್ತಕ ಸಮಾರಂಭಗಳಿಗೆ. ಪಡಸಾಲೆಯ ಕೆತ್ತನೆಯ ಕಂಬ, ದಿಂಡಿ ಬಾಗಿಲು, ಮೇಲಿನ ನಗಾರಖಾನೆ ಇವೆಲ್ಲ ಆ ಚಿತ್ರಗಳಲ್ಲಿ ಜನರ ಬೆನ್ನ ಹಿಂದೆ ಸಿಕ್ಕಿಬಿದ್ದಿವೆ. ಈ ಸೀಮೆಯ ವಾಸ್ತು ಇತಿಹಾಸಕ್ಕೆ ಮನೆತನಗಳ ಇಂಥ ಆಲ್ಬಮ್ಮುಗಳು ಸರ್ಕಾರಿ ದಾಖಲೆಗಳಿಗಿಂತ ದೊಡ್ಡ ಆಕರ.

ವಾಡೆಗಳ ಇಳಿಗಾಲ

ಕಾಗವಾಡ ತಾಲ್ಲೂಕಿನ ಶೇಡಬಾಳ ಪಟವರ್ಧನ ಮನೆತನದ ಒಂದು ಶಾಖೆಯ ಸಂಸ್ಥಾನವಾಗಿತ್ತು. ವಾರಸುದಾರರಿಲ್ಲದೆ 1857ರಲ್ಲಿ ಆಂಗ್ಲರ ಪಾಲಾಯಿತು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿದ್ದು, 1949ರಲ್ಲಿ ಆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಬೆಳಗಾವಿ ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ಇವೆಲ್ಲ ಮೈಸೂರು ರಾಜ್ಯಕ್ಕೆ ಬಂದವು. ಗಡಿಗಳಿಗಿಂತ ವಾಡೆಗಳನ್ನು ಹೆಚ್ಚು ಅಲುಗಿಸಿದ್ದು ಭೂಕಾನೂನು. ಮುಂಬಯಿ ರಾಜ್ಯದ 1952ರ ಇನಾಮು ರದ್ದತಿ ಕಾಯಿದೆ, ಕರ್ನಾಟಕದ 1974ರ ಭೂಸುಧಾರಣೆ ಇವು ಉಳುವವನಿಗೆ ನ್ಯಾಯ ಕೊಟ್ಟವು. ಅದರ ಜೊತೆಗೆ ಹತ್ತಾರು ಅಂಕಣದ ವಾಡೆಗಳಿಗೆ ವರ್ಷವರ್ಷ ಮಾಳಿಗೆಯ ಮಣ್ಣು ಹೊದೆಸುವ, ತೊಲೆ ಬದಲಿಸುವ ಆದಾಯ ನಿಂತಿತು. ಕೆಲವು ಶಾಲೆ, ಕಚೇರಿಗಳಾದವು. ಕೆಲವನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದರು. ಕೆಲವು ಬಿಚ್ಚಿಕೊಂಡು ಹೋದವು. ಸಾಗವಾನಿ ಕಂಬಗಳಿಗೆ ನಗರಗಳ ಹೋಟೆಲುಗಳಲ್ಲಿ ಗಿರಾಕಿಯಿದೆ. ಹಾಳು ಹುಡೇವುಗಳ ಮಣ್ಣು ಹೊಲಕ್ಕೂ ಮಾಳಿಗೆಗೂ ಸಾಗಿತು. 2005, 2019, 2021ರ ಕೃಷ್ಣಾ ಪ್ರವಾಹಗಳಲ್ಲಿ ನೀರು ನಿಂತ ನದಿದಂಡೆಯ ಹಳ್ಳಿಗಳಲ್ಲಿ ಮಣ್ಣುಗೋಡೆಯ ಹಳೆಯ ಮನೆಗಳು ಸಾಲಾಗಿ ಕುಸಿದವು.

ಅಂಕಲಿ

ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಶಿತೋಳೆ ಸರಕಾರರ ವಾಡೆ ಈ ಇಳಿಗಾಲಕ್ಕೆ ಒಂದು ಅಪವಾದ. ಸಂತ ಜ್ಞಾನೇಶ್ವರರ ಪಾಲಕಿ ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಆಷಾಢ ವಾರಿಗೆ ಇಂದಿನ ರೂಪ ಕೊಟ್ಟವರು 19ನೆಯ ಶತಮಾನದ ಮೊದಲಾರ್ಧದ ಹೈಬತರಾವ್‌ಬಾಬಾ ಆರಫಳಕರ. ಅವರಿಗೆ ಆನೆ, ಕುದುರೆ, ಸರಂಜಾಮು ಒದಗಿಸಿ ಬೆನ್ನಿಗೆ ನಿಂತವರು ಶಿತೋಳೆಯವರು. ಪಾಲಕಿಯ ಮುಂದೆ ಸಾಗುವ ಮಾವುಲಿಯ, ಅಂದರೆ ಜ್ಞಾನೇಶ್ವರರ, ಅಶ್ವಗಳು ಇಂದಿಗೂ ಪ್ರತಿವರ್ಷ ಜ್ಯೇಷ್ಠ ಮಾಸದಲ್ಲಿ ಅಂಕಲಿಯ ವಾಡೆಯಿಂದಲೇ ಹೊರಟು ದಿನಗಟ್ಟಲೆ ನಡೆದು ಆಳಂದಿ ಸೇರುತ್ತವೆ. ಆ ದಿನ ವಾಡೆಯ ಬಾಗಿಲಲ್ಲಿ ನೂರಾರು ಕ್ಯಾಮೆರಾ, ಮೊಬೈಲುಗಳು ಸೇರುತ್ತವೆ. ಕಟ್ಟಡವನ್ನು ನೋಡಲೆಂದೇ ಬಂದವರು ಅದರಲ್ಲಿ ಕಡಿಮೆ. ಆದರೂ ಬಾಗಿಲು, ಅಂಗಳ, ಮೆಟ್ಟಿಲುಗಳು ವರ್ಷಕ್ಕೊಮ್ಮೆ ತಪ್ಪದೆ ಚಿತ್ರಕ್ಕೆ ಬೀಳುತ್ತಿವೆ. ವಾಡೆಯೊಂದು ಉಳಿಯಲು ಅದಕ್ಕೊಂದು ಕೆಲಸ ಇರಬೇಕೆಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಗಡ ನೋಡುವ ಹವ್ಯಾಸ

ಹವ್ಯಾಸವಾಗಿ ಕೋಟೆ ಸುತ್ತುವುದು ಇಲ್ಲಿಗೆ ಬಂದದ್ದು ಹೆಚ್ಚಾಗಿ ಮಹಾರಾಷ್ಟ್ರದ ಕಡೆಯಿಂದ. ಸಹ್ಯಾದ್ರಿಯ ಕೋಟೆಗಳನ್ನು ನಡೆದು ಸುತ್ತಿದ ಗೋ. ನೀ. ದಾಂಡೇಕರರ ಮರಾಠಿ ದುರ್ಗಪ್ರವಾಸ ಬರಹಗಳು ಗಡಿಭಾಗದ ಎರಡು ಭಾಷೆಯ ಓದುಗರನ್ನೂ ಮುಟ್ಟಿದವು. ನಿಪ್ಪಾಣಿ, ಬೆಳಗಾವಿಗಳ ಓಣಿಗಳಲ್ಲಿ ದೀಪಾವಳಿಗೆ ಮಕ್ಕಳು ಮಣ್ಣುಕಲ್ಲಿನ ಕಿಲ್ಲೆ ಕಟ್ಟಿ, ಸಾಸಿವೆ ಬಿತ್ತಿ ಹಸಿರು ಮಾಡಿ, ಮೇಲೆ ಶಿವಾಜಿಯ ಬೊಂಬೆ ಕೂರಿಸುವ ರೂಢಿ ಇದೆ; ಗಡದ ಮಾಚಿ, ಬುರುಜು, ಮಹಾದ್ವಾರಗಳ ಪಾಠ ಅಲ್ಲಿಂದಲೇ ಆರಂಭ. ಹೀಗೆ ಬೆಳೆದವರು ನಿಪ್ಪಾಣಿಯಿಂದ ಪನ್ಹಾಳಕ್ಕೂ, ಪಕ್ಕದ ಹುಕ್ಕೇರಿ ತಾಲ್ಲೂಕಿನಲ್ಲಿ ಸಂಕೇಶ್ವರದ ಬಳಿಯ ಹರಗಾಪುರದ ವಲ್ಲಭಗಡಕ್ಕೂ ಹೋಗುತ್ತಾರೆ. ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳು ಇದೇ ಸುತ್ತಾಟದಲ್ಲಿ ಸಿಗುತ್ತವೆ. ನಿಪ್ಪಾಣಿಯ ದೇಸಾಯಿ ವಾಡೆಯನ್ನು ಮಾತ್ರ ಬಹಳ ಜನ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಾದುಹೋಗುತ್ತಲೇ ತಪ್ಪಿಸಿಕೊಳ್ಳುತ್ತಾರೆ.

ನಿಯಮ ಮತ್ತು ರೀತಿ

ಕೇಂದ್ರ ರಕ್ಷಿತ ಸ್ಮಾರಕಗಳಿಗೆ 1958ರ ಕಾಯಿದೆ, ರಾಜ್ಯ ರಕ್ಷಿತ ಸ್ಮಾರಕಗಳಿಗೆ ಕರ್ನಾಟಕದ 1961ರ ಕಾಯಿದೆ ಅನ್ವಯಿಸುತ್ತವೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಅಂಥ ಸ್ಥಳಗಳಲ್ಲಿ ಕೈಯಲ್ಲಿ ಹಿಡಿದು ತೆಗೆಯುವ ಚಿತ್ರಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಸ್ಟ್ಯಾಂಡು, ದೀಪ, ಸಿನಿಮಾ ಚಿತ್ರೀಕರಣಗಳಿಗೆ ಅನುಮತಿ ಬೇಕು. ಡ್ರೋನ್ ಹಾರಿಸುವುದಕ್ಕೆ 2021ರ ಡ್ರೋನ್ ನಿಯಮಗಳಿವೆ. ಬೆಳಗಾವಿ ಕೋಟೆಯಲ್ಲಿ ಸೈನ್ಯದ ಜಾಗವೂ ಸೇರಿರುವುದರಿಂದ ಅಲ್ಲಿ ಎಲ್ಲೆಂದರಲ್ಲಿ ಕ್ಯಾಮೆರಾ ಎತ್ತುವಂತಿಲ್ಲ.

ರಕ್ಷಿತ ಪಟ್ಟಿಯಲ್ಲಿಲ್ಲದ ಖಾಸಗಿ ವಾಡೆಗಳಿಗೆ ಈ ಕಾಯಿದೆಗಳ ರಕ್ಷಣೆಯಿಲ್ಲ, ಟಿಕೆಟ್ಟಿನ ಕಿಂಡಿಯೂ ಇಲ್ಲ. ಅಲ್ಲಿ ನಡೆಯುವುದು ಮನೆಯ ರೀತಿ: ದೇವಡಿಯಲ್ಲಿ ನಿಂತು ಹಿರಿಯರನ್ನು ಕೇಳುವುದು, ಚಪ್ಪಲಿ ಬಿಡುವುದು, ದೇವರಕೋಣೆ ಮತ್ತು ಒಳಮನೆಯ ಕಡೆಗೆ ಕ್ಯಾಮೆರಾ ತಿರುಗಿಸದಿರುವುದು. ಅನುಮತಿ ಸಿಕ್ಕರೂ ಚಿತ್ರ ಸುಲಭವಲ್ಲ. ಬಿಸಿಲು ಸುರಿಯುವ ಚೌಕಕ್ಕೂ ಕತ್ತಲು ಕವಿದ ಪಡಸಾಲೆಗೂ ಬೆಳಕಿನ ಅಂತರ ಹೆಚ್ಚು, ಒಂದನ್ನು ಹಿಡಿದರೆ ಇನ್ನೊಂದು ಕೆಡುತ್ತದೆ. ಬೆಳಗಿನ ಅಥವಾ ಮೋಡದ ಮಂದ ಬೆಳಕು ವಾಸಿ. ಕರಿಕಲ್ಲಿನ ಗೋಡೆಗೆ ಓರೆಬಿಸಿಲು ಬೇಕು. ಮಳೆಗಾಲದ ಹಸಿರು ಕಣ್ಣಿಗೆ ಹಿತವಾದರೂ ಬುರುಜಿನ ಕಟ್ಟೋಣವನ್ನು ಮುಚ್ಚುತ್ತದೆ. ಸುಗ್ಗಿಯ ನಂತರದ ತಿಂಗಳುಗಳಲ್ಲಿ ಕಲ್ಲಿನ ವರಸೆ, ಗಾರೆಯ ಸಂದು ಸ್ಪಷ್ಟವಾಗಿ ಕಾಣುತ್ತವೆ. ದಾಖಲೆಗೆಂದು ತೆಗೆದ ಚಿತ್ರಕ್ಕೆ ಊರು, ತಾರೀಖು, ದಿಕ್ಕು ಬರೆದಿಡುವುದು ಅವಶ್ಯಕ.

ಸೀಮೆಯ ಐದೂ ತಾಲ್ಲೂಕುಗಳ ವಾಡೆ, ಅಗಸಿ, ಹುಡೇವುಗಳ ಚಿತ್ರಗಳಲ್ಲಿ ಬಹುಪಾಲು ಇಂದಿಗೂ ಇರುವುದು ಮನೆತನಗಳ ಆಲ್ಬಮ್ಮುಗಳಲ್ಲಿ ಮತ್ತು ಹವ್ಯಾಸಿಗಳ ಮೊಬೈಲುಗಳಲ್ಲಿ.