ಅಕ್ರಮ ಗಾಂಜಾ ಮಾರುಕಟ್ಟೆ ನಿಗ್ರಹ ಅನುದಾನ ಯೋಜನೆ (ಆರೆಗಾನ್)

ಅಕ್ರಮ ಗಾಂಜಾ ಮಾರುಕಟ್ಟೆ ನಿಗ್ರಹ ಅನುದಾನ ಯೋಜನೆಯು ಅಮೇರಿಕ ಸಂಯುಕ್ತ ಸಂಸ್ಥಾನದ ಆರೆಗಾನ್ ರಾಜ್ಯದಲ್ಲಿ ಜಾರಿಯಲ್ಲಿರುವ ಒಂದು ಸರ್ಕಾರಿ ಯೋಜನೆ. ಪರವಾನಗಿಯಿಲ್ಲದ ಗಾಂಜಾ ಬೆಳೆ ಮತ್ತು ಮಾರಾಟವನ್ನು ತಡೆಯಲು ಸ್ಥಳೀಯ ಪೊಲೀಸರು ಮಾಡುವ ವೆಚ್ಚಕ್ಕೆ ಇದರ ಮೂಲಕ ನಗರಗಳಿಗೂ ಕೌಂಟಿಗಳಿಗೂ (ಜಿಲ್ಲೆಗಳಿಗೂ) ನೆರವು ದೊರೆಯುತ್ತದೆ. ಇದನ್ನು ೨೦೧೮ರಲ್ಲಿ ಸೆನೆಟ್ ಮಸೂದೆ ೧೫೪೪ರ ಮೂಲಕ ಸ್ಥಾಪಿಸಲಾಯಿತು. ನಿರ್ವಹಣೆಯ ಹೊಣೆ ರಾಜ್ಯದ ಅಪರಾಧ ನ್ಯಾಯ ಆಯೋಗದ್ದು.

ಹಿನ್ನೆಲೆ

ಆರೆಗಾನ್ ಮತದಾರರು ನವೆಂಬರ್ ೨೦೧೪ರಲ್ಲಿ ೯೧ನೆಯ ಪ್ರಸ್ತಾವವನ್ನು ಅಂಗೀಕರಿಸಿದರು. ಅದರಂತೆ ಜುಲೈ ೧, ೨೦೧೫ರಿಂದ ೨೧ ವರ್ಷ ತುಂಬಿದವರು ನಿಗದಿತ ಪ್ರಮಾಣದಲ್ಲಿ ಗಾಂಜಾ ಹೊಂದುವುದು ಹಾಗೂ ಒಂದು ಮನೆಯಲ್ಲಿ ನಾಲ್ಕು ಗಿಡಗಳವರೆಗೆ ಬೆಳೆಸುವುದು ಕಾನೂನುಬದ್ಧವಾಯಿತು. ಆದರೆ ಒಕ್ಕೂಟ ಸರ್ಕಾರದ ಕಾನೂನಿನಲ್ಲಿ ಗಾಂಜಾ ನಿಷೇಧ ಮುಂದುವರಿದುದರಿಂದ, ಬೆಳೆಯನ್ನು ಇತರ ರಾಜ್ಯಗಳಿಗೆ ಸಾಗಿಸುವಂತಿರಲಿಲ್ಲ. ನಿಷೇಧವಿರುವ ರಾಜ್ಯಗಳಲ್ಲಿ ಸಿಗುತ್ತಿದ್ದ ಹೆಚ್ಚಿನ ಬೆಲೆ ಅಕ್ರಮ ಬೆಳೆಗಾರರನ್ನು ಆಕರ್ಷಿಸಿತು.

ರಾಜ್ಯದ ದಕ್ಷಿಣ ಭಾಗದ ಜಾಕ್ಸನ್ ಮತ್ತು ಜೋಸೆಫೀನ್ ಕೌಂಟಿಗಳು ಗಾಂಜಾ ಕೃಷಿಗೆ ಅನುಕೂಲವಾದ ಹವೆಯಿರುವ ಪ್ರದೇಶಗಳು. ಒಕ್ಕೂಟ ಸರ್ಕಾರಕ್ಕೆ ಸೇರಿದ ಅರಣ್ಯಗಳ ಮರದಿಂದ ಬರುತ್ತಿದ್ದ ವರಮಾನ ಕುಸಿದ ಮೇಲೆ ಈ ಭಾಗದ ಕೌಂಟಿಗಳು ಹಣದ ಕೊರತೆಗೆ ಸಿಲುಕಿದವು. ಹೆಚ್ಚುವರಿ ತೆರಿಗೆಯ ಪ್ರಸ್ತಾವವನ್ನು ಮತದಾರರು ತಿರಸ್ಕರಿಸಿದ್ದರಿಂದ ೨೦೧೨ರಲ್ಲಿ ಜೋಸೆಫೀನ್ ಕೌಂಟಿಯ ಶೆರಿಫ್ (ಕೌಂಟಿಯ ಚುನಾಯಿತ ಪೊಲೀಸ್ ಮುಖ್ಯಸ್ಥ) ಕಚೇರಿಯ ಸಿಬ್ಬಂದಿಯನ್ನು ತೀವ್ರವಾಗಿ ಕಡಿತಗೊಳಿಸಲಾಗಿತ್ತು.

ಆದ್ಯತೆಗಳು

ಅನುದಾನ ಹಂಚಿಕೆಯಲ್ಲಿ ಈ ಕೆಳಗಿನವುಗಳಿಗೆ ಆದ್ಯತೆಯಿದೆ:
* ಸಂಪನ್ಮೂಲದ ಕೊರತೆಯಿರುವ ಗ್ರಾಮೀಣ ಪ್ರದೇಶಗಳ ಪೊಲೀಸ್ ವ್ಯವಸ್ಥೆ
* ದೊಡ್ಡ ಪ್ರಮಾಣದ ಅಕ್ರಮ ಬೆಳೆಯ ವಿರುದ್ಧದ ಕಾರ್ಯಾಚರಣೆ
* ಸಂಘಟಿತ ಅಪರಾಧ ಜಾಲಗಳ ತನಿಖೆ
* ಗಾಂಜಾವನ್ನು ರಾಜ್ಯದ ಹೊರಗೆ ಸಾಗಿಸುವವರ ವಿರುದ್ಧದ ಕ್ರಮ

೨೦೨೧ರ ಬಿಕ್ಕಟ್ಟು ಮತ್ತು ವಿಸ್ತರಣೆ

೨೦೧೮ರ ಒಕ್ಕೂಟ ಕೃಷಿ ಕಾಯಿದೆಯು ೦.೩%ಕ್ಕಿಂತ ಹೆಚ್ಚು ಟಿಎಚ್‌ಸಿ (ಅಮಲು ತರುವ ಅಂಶ) ಇಲ್ಲದ ಹೆಂಪ್ ಬೆಳೆಯನ್ನು ದೇಶಾದ್ಯಂತ ಕಾನೂನುಬದ್ಧಗೊಳಿಸಿತು. ನೋಟಕ್ಕೆ ಹೆಂಪ್ ಗಿಡಕ್ಕೂ ಗಾಂಜಾ ಗಿಡಕ್ಕೂ ವ್ಯತ್ಯಾಸ ಕಾಣದ ಕಾರಣ, ಹೆಂಪ್ ಹೆಸರಿನಲ್ಲಿ ಗಾಂಜಾ ಬೆಳೆಯುವ ತೋಟಗಳು ಹೆಚ್ಚಿದವು. ೨೦೨೧ರಲ್ಲಿ ದಕ್ಷಿಣ ಆರೆಗಾನ್‌ನಲ್ಲಿ ಅಧಿಕಾರಿಗಳು ಪರೀಕ್ಷಿಸಿದ ನೋಂದಾಯಿತ ಹೆಂಪ್ ತೋಟಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಟಿಎಚ್‌ಸಿ ಮಿತಿಮೀರಿತ್ತು.

ಆ ವರ್ಷದ ಬರಗಾಲದಲ್ಲಿ ಅಕ್ರಮ ತೋಟಗಳಿಗಾಗಿ ತೊರೆ ಮತ್ತು ಕೊಳವೆಬಾವಿಗಳಿಂದ ನೀರು ಕದಿಯಲಾಗುತ್ತಿದೆ ಎಂಬ ದೂರುಗಳು ಹೆಚ್ಚಾದವು. ತೋಟಗಳಲ್ಲಿ ದುಡಿಯುತ್ತಿದ್ದ ವಲಸೆ ಕಾರ್ಮಿಕರಿಗೆ ಕೂಲಿ ಕೊಡದಿರುವುದು, ಅವರನ್ನು ಶೌಚಾಲಯ ಹಾಗೂ ಶುದ್ಧ ನೀರಿಲ್ಲದ ಗುಡಾರಗಳಲ್ಲಿ ಇರಿಸಿರುವುದು ಬೆಳಕಿಗೆ ಬಂದವು. ಅಕ್ಟೋಬರ್ ೨೦೨೧ರಲ್ಲಿ ಜಾಕ್ಸನ್ ಕೌಂಟಿಯು ತುರ್ತುಪರಿಸ್ಥಿತಿ ಘೋಷಿಸಿ ರಾಜ್ಯದ ನೆರವು ಕೋರಿತು.

ಡಿಸೆಂಬರ್ ೨೦೨೧ರ ವಿಶೇಷ ಅಧಿವೇಶನದಲ್ಲಿ ಶಾಸಕಾಂಗವು ಸೆನೆಟ್ ಮಸೂದೆ ೮೯೩ನ್ನು ಅಂಗೀಕರಿಸಿ, ಅಕ್ರಮ ಗಾಂಜಾ ಸಮಸ್ಯೆಗೆ ಒಟ್ಟು ೨.೫ ಕೋಟಿ ಡಾಲರ್ ಒದಗಿಸಿತು. ಇದರಲ್ಲಿ ನೀರಿನ ಹಕ್ಕುಗಳ ರಕ್ಷಣೆಗೂ ಒಂದು ಪಾಲು ಮೀಸಲಾಯಿತು. ಶೋಷಣೆಗೊಳಗಾದ ಕಾರ್ಮಿಕರಿಗೆ ನೆರವಾಗುವ ಸಮುದಾಯ ಸಂಸ್ಥೆಗಳನ್ನೂ ಯೋಜನೆಯ ವ್ಯಾಪ್ತಿಗೆ ತಂದದ್ದು ಈ ತಿದ್ದುಪಡಿಯ ಮುಖ್ಯ ಅಂಶ.

ಇದೇ ಬಗೆಯ ಇತರ ಯೋಜನೆಗಳು

ಕೊಲೊರಾಡೊ ರಾಜ್ಯವು ೨೦೧೭ರಲ್ಲಿ ಇಂತಹುದೇ ಅನುದಾನವನ್ನು ಆರಂಭಿಸಿತು. ಅದರಲ್ಲಿ ಸ್ಥಳೀಯ ಪೊಲೀಸರ ಜೊತೆಗೆ ಜಿಲ್ಲಾ ಸರ್ಕಾರಿ ವಕೀಲರ ವೆಚ್ಚವನ್ನೂ ಭರಿಸಲು ಅವಕಾಶ ಕಲ್ಪಿಸಲಾಯಿತು. ಒಕ್ಕೂಟದ ಮಟ್ಟದಲ್ಲಿ ಮಾದಕವಸ್ತು ಜಾರಿ ಆಡಳಿತವು (ಡಿಇಎ) ೧೯೭೯ರಲ್ಲಿ ಕ್ಯಾಲಿಫೋರ್ನಿಯ ಮತ್ತು ಹವಾಯಿಗಳಲ್ಲಿ ಗಾಂಜಾ ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿ, ೧೯೮೫ರ ವೇಳೆಗೆ ಎಲ್ಲ ೫೦ ರಾಜ್ಯಗಳಿಗೆ ವಿಸ್ತರಿಸಿತು. ಅದಕ್ಕೆ ಹಣ ಬರುವುದು ನ್ಯಾಯ ಇಲಾಖೆಯ ಮುಟ್ಟುಗೋಲು ಆಸ್ತಿ ನಿಧಿಯಿಂದ. ೨೦೧೫ರಿಂದ ೨೦೧೮ರವರೆಗೆ ಪ್ರತಿವರ್ಷ ೧.೭ ಕೋಟಿ ಡಾಲರಿಗೂ ಹೆಚ್ಚು ಮೊತ್ತವನ್ನು ಇದಕ್ಕೆ ವಿನಿಯೋಗಿಸಲಾಯಿತು.

ವಿಮರ್ಶೆ

ಕಿತ್ತುಹಾಕಿದ ಗಿಡಗಳ ಲೆಕ್ಕವೊಂದರಿಂದಲೇ ಇಂತಹ ಅನುದಾನಗಳ ಫಲವನ್ನು ಅಳೆಯಲಾಗದು ಎಂಬುದು ಪ್ರಮುಖ ಆಕ್ಷೇಪ. ತೋಟ ನಾಶವಾದರೂ ಬಂಡವಾಳ ಹೂಡಿದವರು ಸಿಕ್ಕಿಬೀಳದೆ ಬೇರೆಡೆ ಬೆಳೆ ಮುಂದುವರಿಸಬಹುದು. ಅಮೇರಿಕದ ಸರ್ಕಾರಿ ಉತ್ತರದಾಯಿತ್ವ ಕಚೇರಿಯು ೨೦೧೮ರ ವರದಿಯಲ್ಲಿ ಡಿಇಎ ಕಾರ್ಯಕ್ರಮವನ್ನು ಪರಿಶೀಲಿಸಿ, ಸ್ಪಷ್ಟ ಗುರಿಗಳನ್ನೂ ಸಾಧನೆಯ ಮಾನದಂಡಗಳನ್ನೂ ರೂಪಿಸುವಂತೆ ಶಿಫಾರಸು ಮಾಡಿತು.