ಗೇಣುದ್ದದ ಬಂಡಿಯ ಚರಿತ್ರೆ

ಇತಿಹಾಸವೆಂದ ಕೂಡಲೆ ನಮ್ಮ ವಿಜಾಪುರ ಜಿಲ್ಲೆಯವರಿಗೆ ಗೋಲಗುಮ್ಮಟ ಕಣ್ಣಿಗೆ ಕಟ್ಟುತ್ತದೆ; ಇಲ್ಲವೆ 1565ರ ಕಾಳಗಕ್ಕೆ ಹೆಸರು ಕೊಟ್ಟ, ಮುದ್ದೇಬಿಹಾಳ ಸೀಮೆಯ ತಾಳಿಕೋಟೆ ನೆನಪಾಗುತ್ತದೆ. ನಾನಿಂದು ಹೇಳಹೊರಟದ್ದು ಅಂಥ ದೊಡ್ಡ ಸಂಗತಿಯಲ್ಲ. ಗೇಣುದ್ದದ ಮರದ ಬಂಡಿಯೊಂದರ ಚರಿತ್ರೆ. ಅದರಲ್ಲಿ ನನ್ನದೊಂದು ಸಣ್ಣ ತಪ್ಪೂ ಸೇರಿದೆ.

ಭೀಮೆಯ ಕಡೆಯ ಇಂಡಿ, ಡೋಣಿಯ ಕಡೆಯ ಬಸವನ ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳ ಇವೆಲ್ಲ ಎರೆಭೂಮಿಯ ನಾಡು. ಡೋಣಿ ಹರಿದರೆ ಓಣಿಯೆಲ್ಲಾ ಜೋಳ ಎಂಬ ಗಾದೆ ಇಲ್ಲಿಯದೆ. ಜೋಳವಿದ್ದಲ್ಲಿ ಎತ್ತು, ಎತ್ತಿದ್ದಲ್ಲಿ ಚಕ್ಕಡಿ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಗೆ ಸಿಂಗರಿಸಿದ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ. ಬಿಳಿ ಎತ್ತು ಮುಂದಾದರೆ ಹಿಂಗಾರಿಯ ಬಿಳಿಜೋಳ ಚೆನ್ನಾಗಿ ಬರುವುದೆಂದು ನಂಬಿಕೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಹುಣ್ಣಿಮೆ ದೊಡ್ಡವರದು, ಅಮಾವಾಸ್ಯೆ ಮಕ್ಕಳದು. ಆಗ ನಾವು ಬಣವಿಯಿಂದ ಕಣಿಕೆ ಎಳೆದು, ಒಳಗಿನ ಬೆಂಡು ಬಿಡಿಸಿ, ಮೇಲಿನ ಸಿಪ್ಪೆಯನ್ನೇ ಮೊಳೆಯಾಗಿ ಚುಚ್ಚಿ ದಂಟಿನ ಬಂಡಿ ಕಟ್ಟುತ್ತಿದ್ದೆವು. ಮಣ್ಣಿನ ಎತ್ತಿಗೆ ದಂಟಿನ ಬಂಡಿ; ಒಂದು ಮಳೆಗೆ ಎರಡೂ ಮಾಯ.

ಅರವತ್ತರ ದಶಕದ ಮಾತು. ಬಾಗೇವಾಡಿ ತಾಲೂಕಿನ ನಮ್ಮ ಹಳ್ಳಿಯ ಹುಡುಗರಿಗೆ ದಂಟು ಸಾಲದಾಯಿತು. ಮರದ ಬಂಡಿ ಮಾಡಿ, ಅಗಸಿಯ ಇಳಿಜಾರಿನಲ್ಲಿ ಬಿಟ್ಟು, ಯಾರದು ಮುಂದೆ ಹೋಗುವುದೆಂದು ಶರ್ಯತ್ತು ಹೂಡಿದೆವು. ಎತ್ತಿಲ್ಲದ ಬಂಡಿ ಎರಡು ಗಾಲಿಯ ಮೇಲೆ ನಿಲ್ಲದು. ಆದ್ದರಿಂದ ಮೋಟಾರಿನಂತೆ ನಾಲ್ಕು ಗಾಲಿ. ಕಟ್ಟಳೆ ಒಂದೇ: ಬಂಡಿಯನ್ನು ತಾನೇ ಮಾಡಿರಬೇಕು.

ನಾನು ಜಾಲಿಯ ತುಂಡೊಂದನ್ನು ಕೆತ್ತಿದೆ. ಮೈ ಬಂತು, ಗಾಲಿ ಬರಲಿಲ್ಲ. ಬಿಟ್ಟೊಡನೆ ಬಂಡಿ ಕುಂಟಿ ಪಕ್ಕಕ್ಕೆ ಬಿದ್ದಿತು. ಅಳುಮೋರೆ ಮಾಡಿ ಬಡಿಗೇರ ಕಾಕಾನ ಮುಂದೆ ನಿಂತೆ. ಆತ ಚಕ್ಕಡಿಯ ಗುಂಬ ಕೊರೆಯುತ್ತಿದ್ದವ ಬಾಚಿ ಕೆಳಗಿಟ್ಟು, ಗಾಲಿಯನ್ನು ಬೆರಳಿನಲ್ಲಿ ತಿರುಗಿಸಿ ನೋಡಿದ.

"ಗಾಲಿ ದುಂಡಗಿದ್ದರ ಸಾಲೂದಿಲ್ಲೋ ತಮ್ಮಾ. ತೂತು ನಟ್ಟನಡುವ ಇರಬೇಕು. ಇರಸು ನೆಟ್ಟಗಿರಬೇಕು."

ಹೇಳಿ ಬಿಡಲಿಲ್ಲ, ಹಿಂದಿನ ಎರಡು ಗಾಲಿಗಳನ್ನು ತಾನೇ ಕಡೆದುಕೊಟ್ಟ. ಹರಳೆಣ್ಣೆಯಲ್ಲಿ ಮಸಿ ಕಲಸಿದ ಕೀಲೆಣ್ಣೆಯನ್ನೂ ಹಚ್ಚಿದ. ಮರುದಿನ ನನ್ನ ಬಂಡಿ ಎಲ್ಲರದಕ್ಕಿಂತ ಎರಡು ಮಾರು ಮುಂದೆ ಹೋಯಿತು. ಸೋತ ಗೆಳೆಯನ ಬಂಡಿ ಪೂರಾ ಅವನದೇ ಕೈಯದು. ಬಾಜಿಯ ಶೇಂಗಾ ನಾನು ತಿಂದೆ. ಗಾಲಿಯ ಸುದ್ದಿ ಎತ್ತಲಿಲ್ಲ. ಸಂಜೆ ಕಾಕಾ ನಕ್ಕು ಅಂದ: "ಗಾಲಿ ನಂದು, ಗೆಲುವು ನಿಂದು. ಆಗಲಿ ಬಿಡು."

ಈ ಮಾತು ಎಷ್ಟು ದೂರದವರೆಗೆ ಸಲ್ಲುತ್ತದೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಮೇರಿಕದ ಡೇಟನ್ ನಗರದಲ್ಲಿ 1933ರಲ್ಲಿ ಹುಡುಗರು ಹಲಗೆ ಡಬ್ಬಿಗಳ ಬಂಡಿ ಕಟ್ಟಿ, ತಾವೇ ಕುಳಿತು ಇಳಿಜಾರಿನಲ್ಲಿ ಓಡಿಸುತ್ತಿದ್ದುದನ್ನು ಮೈರನ್ ಸ್ಕಾಟ್ ಎಂಬ ಪತ್ರಿಕಾ ಛಾಯಾಗ್ರಾಹಕ ಕಂಡ. ಮರುವರ್ಷವೇ ಅದು ರಾಷ್ಟ್ರೀಯ ಪಂದ್ಯವಾಯಿತು. 1935ರಲ್ಲಿ ಆ್ಯಕ್ರನ್ ನಗರಕ್ಕೆ ಹೋಯಿತು. ಆ ಪಂದ್ಯಕ್ಕೆ ಸೇರಲು ತನ್ನ ಮಗನಿಗೆ ವಯಸ್ಸು ಸಾಲದೆಂದು, ಕ್ಯಾಲಿಫೋರ್ನಿಯಾದ ಡಾನ್ ಮರ್ಫಿ ಎಂಬಾತ ಎಳೆಯ ಸ್ಕೌಟುಗಳಿಗಾಗಿ ಪೈನ್ ಮರದ ಪುಟ್ಟ ಕಾರುಗಳ ಓಟವನ್ನು 1953ರ ಮೇ 15ರಂದು ನಡೆಸಿದ. ಏಳು ಅಂಗುಲದ ಮರ, ಇರಸಿಗೆ ಮೊಳೆ, ತೂಕ ಐದು ಔನ್ಸಿಗೆ ಮೀರಬಾರದು. ಕೀಲೆಣ್ಣೆಯ ಬದಲು ಅವರು ಹಚ್ಚುವುದು ಗ್ರಾಫೈಟಿನ ಪುಡಿ, ಅದೂ ಕಪ್ಪೇ! ತಂದೆ ಮಕ್ಕಳು ಕೂಡಿ ಮಾಡಲೆಂಬುದೇ ಆತನ ಆಶಯ. ಆದರೆ ಎಲ್ಲಿಯವರೆಗೆ ಕೂಡಬೇಕು? 1973ರಲ್ಲಿ ಆ್ಯಕ್ರನ್ನಿನಲ್ಲಿ ಗೆದ್ದ ಹುಡುಗನ ಬಂಡಿಯ ಮೂತಿಯಲ್ಲಿ ವಿದ್ಯುತ್ ಅಯಸ್ಕಾಂತ ಅಡಗಿತ್ತು. ಉಕ್ಕಿನ ತಡೆಹಲಗೆ ಬೀಳುವಾಗ ಅದು ಬಂಡಿಯನ್ನು ಮುಂದಕ್ಕೆ ಸೆಳೆಯುತ್ತಿತ್ತು. ಪ್ರಶಸ್ತಿ ಹೋಯಿತು. ಮೋಸದ ಹಿಂದೆ ಇದ್ದದ್ದು ಮನೆಯ ದೊಡ್ಡವರ ಕೈ.

ಮಕ್ಕಳ ಬಂಡಿಯ ಆಸೆ ಹೊಸದೇನಲ್ಲ. ಸಿಂಧೂ ಬಯಲಿನ ಚಾನ್ಹುದಾರೋವಿನಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಆಟದ ಬಂಡಿಗಳು ದೊರೆತಿವೆ. ಶೂದ್ರಕನ ‘ಮೃಚ್ಛಕಟಿಕ’ಕ್ಕೆ ಹೆಸರು ಬಂದದ್ದೇ ಮಗುವೊಂದರ ಮಣ್ಣಿನ ಬಂಡಿಯಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿದ ರೋಹಸೇನನಿಗೆ ತನ್ನದು ಬೇಡವಾಯಿತು. ವಸಂತಸೇನೆ ತನ್ನ ಒಡವೆಗಳನ್ನೇ ಆ ಮಣ್ಣಿನ ಬಂಡಿಯಲ್ಲಿ ತುಂಬಿದಳು. ನನ್ನ ಬಂಡಿಗೆ ಕಾಕಾ ತುಂಬಿದ್ದು ತನ್ನ ಕೈಕಸಬನ್ನು.

ದೊಡ್ಡವರ ಎತ್ತಿನ ಓಟಕ್ಕೆ ಇಂದು ಬರಹದ ದಾಖಲೆ ಉಂಟು: 2014ರಲ್ಲಿ ಸುಪ್ರೀಂ ಕೋರ್ಟಿನ ನಿಷೇಧ, 2017ರಲ್ಲಿ ರಾಜ್ಯದ ತಿದ್ದುಪಡಿ ಕಾಯಿದೆ, 2023ರಲ್ಲಿ ಅದಕ್ಕೆ ನ್ಯಾಯಪೀಠದ ಒಪ್ಪಿಗೆ. ಹುಡುಗರ ಬಂಡಿಗೆ ಅದಿಲ್ಲ, ಅದನ್ನು ಕಡೆದುಕೊಟ್ಟ ಬಡಿಗನಿಗೂ ಇಲ್ಲ. ಈಗ ನಮ್ಮೂರಿಗೆ ಟ್ರ್ಯಾಕ್ಟರು ಬಂದಿದೆ. ಕಾಕಾನ ಕೊಟ್ಟಿಗೆ ಬಿದ್ದುಹೋಗಿದೆ. ಮೊನ್ನೆ ಮೊಮ್ಮಗ ತನ್ನ ಶಾಲೆಯ ಪಂದ್ಯಕ್ಕೆ ಮರದ ಕಾರೊಂದನ್ನು ತಂದು, "ಅಜ್ಜಾ, ಗಾಲಿ ಕುಂಟ್ತದ, ನೀ ಮಾಡಿಕೊಡು" ಎಂದ. ನಾನು ಮಾಡಿಕೊಡಲಿಲ್ಲ. ಬೆರಳಿನಲ್ಲಿ ತಿರುಗಿಸಿ ತೋರಿಸಿದೆ: ತೂತು ನಟ್ಟನಡುವ ಇರಬೇಕು, ಇರಸು ನೆಟ್ಟಗಿರಬೇಕು. ನಾಲ್ಕನೆಯ ಸಲಕ್ಕೆ ಅವನಿಗೆ ಸಾಧಿಸಿತು. ಪಂದ್ಯದಲ್ಲಿ ಸೋತು ಬಂದ, ನಗುತ್ತಲೇ ಬಂದ.

ದಾಖಲೆಗೆ ಇಷ್ಟಾದರೂ ಇರಲಿ: ಆ ವರ್ಷ ಗೆದ್ದ ಬಂಡಿಯ ಹಿಂದಿನ ಎರಡು ಗಾಲಿ ನನ್ನವಲ್ಲ.