ಹಿಡಿಸದೆ ಉಳಿದ ಹೆಸರುಗಳು

ನಮ್ಮಪ್ಪ ಬೈಲಹೊಂಗಲದ ಕಡೆಯ ಒಂದು ಹಳ್ಳಿಯಲ್ಲಿ ಮಾಸ್ತರರು. 1984ರಲ್ಲಿ ಶಾಲೆಯ ಕಟ್ಟಡ ಮುಗಿದಾಗ ಹದಿನಾರು ಪುಟದ ಒಂದು ಪುಸ್ತಿಕೆ ಅಚ್ಚು ಹಾಕಿಸಿದರು. ಹದಿನಾರು ಪುಟವೆಂದರೆ ಒಂದು ಫಾರ್ಮು. ಹದಿನೇಳಾದರೆ ಖರ್ಚು ಏರುತ್ತಿತ್ತು. ಅಪ್ಪ ಸಾಲಿಗೆ ಇಷ್ಟು ಅಕ್ಷರವೆಂದು ಎಣಿಸಿಯೇ ಕೊಟ್ಟಿದ್ದರು. ಆದರೂ ಅರ್ಧ ಪುಟ ಹೆಚ್ಚಾಯಿತು. ಮೊಳೆ ಜೋಡಿಸುವವರು ನಕ್ಕು, “ಮಾಸ್ತರ್ರ, ನೀವು ಒತ್ತು ಎಣಿಸಿಲ್ರಿ” ಅಂದರಂತೆ. ಬಿಟ್ಟುಹೋದದ್ದು ಕಟ್ಟಡಕ್ಕೆ ಜೋಳ ಕೊಟ್ಟ, ಮಣ್ಣು ಹೊತ್ತ ಹೆಣ್ಣುಮಕ್ಕಳ ಹೆಸರಿನ ಪಟ್ಟಿ. ಅದರಲ್ಲಿ ನಮ್ಮವ್ವನ ಹೆಸರೂ ಇತ್ತು.

ಅವರ ಮಾತು ನಿಜ. ನಮ್ಮ ಊರುಗಳ ಹೆಸರನ್ನೇ ನೋಡಿರಿ. ರಾಮದುರ್ಗ ಬಾಯಲ್ಲಿ ನಾಲ್ಕೇ ಅಕ್ಷರ. ಬರೆಯುವಾಗ ಅರ್ಕಾವತ್ತು ಐದನೆಯ ಜಾಗ ಕೇಳುತ್ತದೆ. ಕಿತ್ತೂರು, ಸವದತ್ತಿಗಳಲ್ಲಿ ಒತ್ತು ಕೆಳಗಿಳಿದು ಬಲಕ್ಕೂ ಸರಿಯುತ್ತದೆ. ಕನ್ನಡವನ್ನು ಎಣಿಸಿದರೆ ಸಾಲದು, ಅಳೆಯಬೇಕು.

1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಟಾಗ ಈ ತೊಡಕು ಕಡಿಮೆಯಿತ್ತು. ಜಾಗ ಸಾಲದಿದ್ದರೆ ಬರೆಯುವ ಕೈ ಅಕ್ಷರ ಕುಗ್ಗಿಸಬಹುದಿತ್ತು. ಸೀಸದ ಮೊಳೆ ಕುಗ್ಗುವುದಿಲ್ಲ. ಅದರ ಅಳತೆ ಪಾಯಿಂಟಿನಲ್ಲಿ. ಸುಮಾರು 72 ಪಾಯಿಂಟಿಗೆ ಒಂದು ಅಂಗುಲ. ಸಾಲು ಸ್ಟಿಕ್ಕಿನಲ್ಲಿ ಕೂತ ಮೇಲೆಯೇ ನಿಜವಾದ ಅಳತೆ ತಿಳಿಯುತ್ತಿತ್ತು.

ಅಮೆರಿಕದ ಡೊನಾಲ್ಡ್ ಕನೂತ್ 1978ರಲ್ಲಿ ರೂಪಿಸಿದ ಟೆಕ್ ಎಂಬ ಅಕ್ಷರಜೋಡಣೆಯ ಭಾಷೆ ಪ್ರತಿ ಅಕ್ಷರವನ್ನೂ ಒಂದು ಪೆಟ್ಟಿಗೆಯೆಂದು ಬಗೆಯಿತು. ಅದಕ್ಕೆ ಅಗಲ, ಎತ್ತರಗಳ ಜೊತೆಗೆ ಗೆರೆಯ ಕೆಳಗಿನ ಆಳವೂ ಉಂಟು. ನಮ್ಮ ಒತ್ತಕ್ಷರ ಇರುವುದೇ ಆ ಆಳದಲ್ಲಿ! 2023ರಲ್ಲಿ ಬರ್ಲಿನ್ನಿನ ಇಬ್ಬರು ತರುಣರು ಹೊರತಂದ ಟೈಪ್ಸ್ಟ್ ಎಂಬುದರಲ್ಲಿ ‘ಮೆಜರ್’ ಎಂಬ ಆಜ್ಞೆಯಿದೆ. ಬರಹ ಕೊಟ್ಟು ಅಗಲ ಇಷ್ಟೆಂದರೆ, ಹಾಳೆಗೆ ಇಳಿಸುವ ಮೊದಲೇ ಅದು ಎತ್ತರ ಹೇಳುತ್ತದೆ.

ಕಿತ್ತೂರ ವಿಜಯಕ್ಕೆ ಇನ್ನೂರು ತುಂಬಿದ 2024ರಲ್ಲಿ ನಮ್ಮ ಶಾಲೆಯ ಕಟ್ಟಡಕ್ಕೆ ನಲವತ್ತಾಯಿತು. ಅಪ್ಪನ ಪುಸ್ತಿಕೆಯನ್ನು ಮತ್ತೆ ತರಲು ಹೊರಟೆವು. ಪುಟ ಅವೇ ಹದಿನಾರು. ಹಳೆಯ ವಿದ್ಯಾರ್ಥಿಯೊಬ್ಬ ಹೆಸರಿನ ಪಟ್ಟಿಯನ್ನು ಹೀಗೆ ಅಳೆಯಿಸಿ, “ಅಕ್ಕಾರ, ಒಂಬತ್ತು ಸಾಲು ಹೆಚ್ಚಾಗ್ತದರಿ. ಪಟ್ಟಿ ಸಣ್ಣದ ಮಾಡೂಣೇನ್ರಿ?” ಎಂದ.

ಮೊದಲೇ ತಿಳಿದದ್ದು ಒಳ್ಳೆಯದಾಯಿತು. ಎಲ್ಲಿ ಕತ್ತರಿಸಬೇಕೆಂಬುದು ಈ ಸಲ ನಮ್ಮ ಕೈಯಲ್ಲಿತ್ತು. ನಾನು ಬರೆದಿದ್ದ ಮುನ್ನುಡಿಯಲ್ಲಿ ಒಂಬತ್ತು ಸಾಲು ಹೊಡೆದುಹಾಕಿದೆ. ಅವ್ವನ ಹೆಸರು ಹದಿನಾರನೆಯ ಪುಟದಲ್ಲಿ ಕೂತಿತು.